ನಾಗಿಯ ಸೀರೆಯ ಮೇಲೆ ಉಳಿದ ಸಾಮಾನು

ರಾಮನಗುಳಿಯ ಸೋಮು ಗೌಡ ಮೂರನೆಯ ಇಯತ್ತೆಯವರೆಗೆ ಓದಿದವನು. ಅಂಕಿ ಓದುತ್ತಾನೆ, ತನ್ನ ಹೆಸರು ಬರೆಯುತ್ತಾನೆ, ಅಲ್ಲಿಗೆ ಮುಗಿಯಿತು. ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು. ಕಳೆದ ಫೆಬ್ರವರಿಯಲ್ಲಿ ನಾವಿಬ್ಬರೂ ಕೂಡಿ ಒಂದು ತಪ್ಪು ಮಾಡಿದೆವು. ಅದನ್ನು ಅವನು ಹೆದ್ದಾರಿಯ ಬದಿಯಲ್ಲಿ ಹತ್ತು ಜನರ ಮುಂದೆ ತನ್ನೊಬ್ಬನ ಹೆಸರಿಗೆ ಹಾಕಿಕೊಂಡ. ಅದು ನಿಜವಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಎಡಮೊಣಕಾಲು ಮಡಚುವುದಿಲ್ಲ. ಕ್ಲಚ್ಚು ಇಲ್ಲದ ಗಾಡಿಯನ್ನು ಮಾತ್ರ ಓಡಿಸಬಲ್ಲೆ. ನನ್ನಲ್ಲಿರುವುದು ಅಂಥ ಒಂದೇ ಗಾಡಿ. ಹದಿನಾರು ವರ್ಷ ಹಳೆಯದು, ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಶಕ್ತಿ ಹೋಗುವಂಥದು. ವಾರಕ್ಕೆರಡು ದಿನ ಅದರಲ್ಲಿ ಚಿತ್ತಾಕುಲದ ನನ್ನ ಮನೆಯಿಂದ ಹೊರಟು ಕಾಳಿ ಸೇತುವೆ ದಾಟಿ, ಕಾರವಾರ, ಅಂಕೋಲೆ ಹಾದು, ರಾಮನಗುಳಿಯ ಆಚೆ ಇರುವ ಹೆಣ್ಣುಮಕ್ಕಳ ಒಂದು ವಸತಿನಿಲಯಕ್ಕೆ ಹೋಗುತ್ತೇನೆ. ಅಲ್ಲಿ ಪಿಯುಸಿ ಎರಡನೆಯ ವರ್ಷದ ಹದಿನೆಂಟು ಹುಡುಗಿಯರಿದ್ದಾರೆ. ಅವರಿಗೆ ಭೌತಶಾಸ್ತ್ರ ಹೇಳಿಕೊಡಲು ಬೇರೆ ಯಾರೂ ಇಲ್ಲ. ಇದನ್ನು ಸೇವೆ ಎಂದು ಯಾರಾದರೂ ಕರೆದರೆ ನನಗೆ ಸಿಟ್ಟು ಬರುತ್ತದೆ. ಕಲಿಸುವುದು ಬರುತ್ತದೆ, ಕಲಿಸುತ್ತೇನೆ.

ಜನವರಿಯ ಕೊನೆಯಲ್ಲಿ ಪಾಠ ಮುಗಿಸಿ ಮರಳುವಾಗ ಗಾಡಿಯ ಮುಂಭಾಗದಿಂದ ಕಲ್ಲು ಅರೆದಂಥ ಸದ್ದು ಬಂತು. ರಾಮನಗುಳಿ ಹತ್ತಿರವಾದಂತೆ ಅದು ಸುತ್ತಿಗೆಯ ಸದ್ದಾಯಿತು. ರಸ್ತೆಯ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ ನೋಡುತ್ತಿದ್ದೆ. ಹಿಂದಿನಿಂದ ಒಂದು ದನಿ ಕೇಳಿಸಿತು.

"ಅಕ್ಕೋರೆ, ಅದನ್ನ ಮುಚ್ಚಿ. ನೋವು ಕಾಲಲ್ಲಿ ಇದ್ರೆ ತಲೆ ನೋಡೂದು ಎಂತಕ್ಕೆ?"

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ನಾನು ಕಲಿಸುವವಳೆಂದು ಅವನಿಗೆ ಹೇಗೆ ಗೊತ್ತಾಯಿತು ಎಂದು ಆಮೇಲೆ ಕೇಳಿದೆ. "ಲೆಕ್ಕ ತಪ್ಪಿದ ಮಕ್ಕಳಿಗೆ ಬೈದ ಹಾಂಗೆ ಗಾಡಿಗೆ ಬೈತಾ ಇದ್ರಿ" ಎಂದ.

ಖಾಕಿ ಚಡ್ಡಿ, ತೋಳಿಲ್ಲದ ಬನಿಯನ್ನು, ಐವತ್ತೆರಡರ ಪ್ರಾಯ. ಮಲಗಿಕೊಂಡೇ ಗಾಡಿಯ ಅಡಿಗೆ ಸರಿದ. ಹೊರಬಂದಾಗ ಅವನ ಅಂಗೈಯ ಎಣ್ಣೆಯಲ್ಲಿ ಉಕ್ಕಿನ ಚೂರುಗಳಿದ್ದವು. ಮುಂದಿನ ಎರಡು ಗಾಲಿಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಯ ಹಲ್ಲುಗಳು ಮುರಿದಿದ್ದವು.

ಗಾಡಿಯನ್ನು ಅವನ ಅಂಗಳಕ್ಕೆ ದೂಡಿ ತಂದರು. ಸೋಮುವಿನ ಗ್ಯಾರೇಜು ಎಂದರೆ ಮನೆಯ ಪಕ್ಕದ ಒಂದು ತಗಡಿನ ಚಪ್ಪರ. ಗೋಡೆಯಿಲ್ಲ, ಬೋರ್ಡಿಲ್ಲ. ನಟ್ಟು ತಿರುಗಿಸುವ ಪಾನಾಗಳು, ಜಾಕು, ಸರಪಳಿ ಎಲ್ಲವೂ ಆಳೆತ್ತರದ ಮೇಲೆ ತೊಲೆಗೆ ತೂಗುತ್ತಿದ್ದವು. ಎರಡು ಸಾವಿರದ ಹತ್ತೊಂಬತ್ತರ ನೆರೆಯಲ್ಲಿ ಗಂಗಾವಳಿ ಹೊಳೆ ಅವನ ಸಾಮಾನನ್ನೆಲ್ಲ ಒಯ್ದಿತ್ತು. ಜಾಕು ನಾಲ್ಕು ತಿಂಗಳ ಮೇಲೆ ಎರಡು ಮೈಲಿ ಕೆಳಗೆ ಯಾರದೋ ಗದ್ದೆಯಲ್ಲಿ ನೇಗಿಲಿಗೆ ಸಿಕ್ಕಿತಂತೆ. "ಒಯ್ದದ್ರಲ್ಲಿ ಒಂದಾದ್ರೂ ತಿರುಗಿ ಕೊಟ್ಟದಲಾ ಹೊಳೆ" ಎಂದು ಅವನು ಅದನ್ನು ತೋರಿಸಿದ. ದೂರಿನ ದನಿ ಇರಲಿಲ್ಲ.

ಅವನು ಈ ಕೆಲಸ ಕಲಿತದ್ದು ಗದ್ದೆಯ ಪಂಪುಸೆಟ್ಟುಗಳಲ್ಲಿ. ಪಂಪು ಕೆಟ್ಟರೆ ಬಾವಿಯ ಕಟ್ಟೆಯ ಮೇಲೆಯೇ ಬಿಚ್ಚಬೇಕು. ಬಿದ್ದ ನಟ್ಟನ್ನು ಕೆಸರು ನುಂಗುತ್ತದೆ. ಅದಕ್ಕೆ ಅವನು ಹೆಂಡತಿ ನಾಗಿಯ ಹಳೆಯ ಸೀರೆಯೊಂದನ್ನು ಹಾಸಿಕೊಳ್ಳತೊಡಗಿದ. ಮುಂದೆ ಅದಿರಿನ ಲಾರಿಗಳ ಕಾಲ ಬಂತು, ಹೋಯಿತು. ಆಮೇಲೆ ಜೀಪು, ಟೆಂಪೊ, ಟ್ರ್ಯಾಕ್ಟರು. ಸೀರೆ ಮಾತ್ರ ಬಿಡಲಿಲ್ಲ. ಸೆರಗಿನ ತುದಿಯಿಂದ ಶುರುಮಾಡಿ, ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಾನೆ. ಜೋಡಿಸುವಾಗ ಕೊನೆಯಿಂದ ಹಿಂದಕ್ಕೆ ಬರುತ್ತಾನೆ. ಓದು ಬರದವನಿಗೆ ಅದೇ ಪುಸ್ತಕ. ಸೀರೆ ಖಾಲಿಯಾದ ಮೇಲೆ ನಾಗಿ ಬಂದು ಅದನ್ನು ಝಾಡಿಸಿ ಮಡಚುತ್ತಾಳೆ. ಮಡಚಿದರೆ ಕೆಲಸ ಮುಗಿಯಿತು. ಒಂದು ವಾಶರು ಉಳಿದರೂ ಅವಳು ಮಡಚುವುದಿಲ್ಲ, ಅವನು ಮತ್ತೆ ಎಲ್ಲವನ್ನೂ ಬಿಚ್ಚುತ್ತಾನೆ. ಇಪ್ಪತ್ತೇಳು ವರ್ಷ ಹೀಗೆಯೇ ನಡೆದಿದೆ. ಕಳೆದ ಫೆಬ್ರವರಿಯವರೆಗೆ ಅವನ ಕೈಯಿಂದ ಹೋದ ಗಾಡಿ ದಾರಿಯಲ್ಲಿ ನಿಂತದ್ದನ್ನು ನಾನು ಕೇಳಿಲ್ಲ.

ಮುರಿದ ಪೆಟ್ಟಿಗೆಗೆ ಬದಲಿಯನ್ನು ಹುಬ್ಬಳ್ಳಿಯಲ್ಲಿ ಕೇಳಿದೆ, ಮಂಗಳೂರಿನಲ್ಲಿ ಕೇಳಿದೆ. ಆ ಭಾಗವನ್ನು ಮಾಡುವುದನ್ನೇ ನಿಲ್ಲಿಸಿದ್ದಾರೆ ಎಂಬ ಉತ್ತರ ಬರಲು ಎರಡು ವಾರ ಹೋಯಿತು. ಆ ನಡುವೆ ಎರಡು ಸಲ ಬಸ್ಸಿನಲ್ಲಿ ಹೋದೆ. ಮಡಚದ ಕಾಲಿಗೆ ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಮೂರನೆಯ ಸಲ ಹೋಗಲಾಗಲಿಲ್ಲ. ಪರೀಕ್ಷೆಗೆ ಐದು ವಾರ ಉಳಿದಿತ್ತು, ವಿದ್ಯುತ್ಕಾಂತತೆಯ ಪಾಠ ಅರ್ಧಕ್ಕೆ ನಿಂತಿತ್ತು.

ಸೋಮು ಫೋನು ಮಾಡಿದ.

"ಅಕ್ಕೋರೆ, ಒಂದು ಮಾತು. ನಾಲ್ಕು ಗಾಲಿನೂ ದುಡೀಬೇಕು ಅಂತ ಎಂತದಾದ್ರೂ ಕಾನೂನು ಇದ್ಯಾ? ಜೀಪಿಗೆ ಹಿಂದಿನ ಎರಡೇ ದುಡೀತವೆ. ಮುಂದಿನವು ಸುಮ್ಮ ಉರುಳ್ತವೆ. ನಿಮ್ಮದನ್ನೂ ಹಾಂಗೇ ಮಾಡ್ವಾ?"

ನಾನು ಒಂದು ದಿನ ಯೋಚಿಸಿದೆ. ನಾನು ಮರಳಿನ ಮೇಲೆ ಓಡಿಸುವುದಿಲ್ಲ, ಕೆಸರಿಗೆ ಇಳಿಸುವುದಿಲ್ಲ. ಹಿಂದಿನ ಎರಡು ಗಾಲಿ ಸಾಕು. ಈ ಬದಲಾವಣೆಗೆ ಬೇಕಾದ ಕಾಗದಪತ್ರದ ಕೆಲಸ ನಾನು ನೋಡಿಕೊಳ್ಳುತ್ತೇನೆ ಎಂದೆ. ಆ ವಾರವೆಲ್ಲ ಬೆಳಿಗ್ಗೆ ಪರಿಚಯದವರ ಕಾರಿನಲ್ಲಿ ಹೋಗಿ ಅವನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತೆ.

ಮೊದಲ ದಿನ ಅವನು ಮುಂದಿನ ಮುರಿದ ಪೆಟ್ಟಿಗೆಯನ್ನೂ, ಅದಕ್ಕೆ ಎಂಜಿನ್ನಿನ ಕಡೆಯಿಂದ ಬರುವ ಉದ್ದನೆಯ ದಂಡವನ್ನೂ ತೆಗೆದ. ಗಾಡಿ ಚಾಲೂ ಮಾಡಿ ಗೇರು ಹಾಕಿದರೆ ಎಂಜಿನ್ನು ಕೂಗಿತು, ಗಾಡಿ ಒಂದಂಗುಲ ಸರಿಯಲಿಲ್ಲ. ದಂಡ ತೆಗೆದ ಜಾಗದಲ್ಲಿ ಮಾತ್ರ ಏನೋ ಗಿರಗಿರ ತಿರುಗುತ್ತಿತ್ತು.

"ಹಿಂದಿನ ಗಾಲಿ ಮುನಿಸ್ಕಂಡ್ವಾ?" ಎಂದಳು ನಾಗಿ, ಬಾಗಿಲಲ್ಲಿ ನಿಂತು.

ಸೋಮು ತಲೆ ಕೆರೆದುಕೊಂಡ. ಇಲ್ಲಿ ನನ್ನ ವಿದ್ಯೆ ಕೆಲಸಕ್ಕೆ ಬಂತು. ಇಂಥ ಗಾಡಿಯ ನಡುವೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದು ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಸಮನಾಗಿ ಹಂಚುತ್ತದೆ. ಒಂದು ಕಡೆ ತಡೆಯೇ ಇಲ್ಲವಾದರೆ ಆ ಕಡೆ ಬರೀ ತಿರುಗುತ್ತದೆ, ಇನ್ನೊಂದು ಕಡೆಗೂ ಬಲ ಸಿಗುವುದಿಲ್ಲ. ನೆಲದ ಮೇಲೆ ಕಡ್ಡಿಯಿಂದ ಚಿತ್ರ ಬರೆದು ಹೇಳಿದೆ. ಸೋಮು ಒಮ್ಮೆ ನೋಡಿದ, ಎರಡನೆಯ ಸಲ ಕೇಳಲಿಲ್ಲ.

"ಅಂದ್ರೆ ಈ ಹಂಚೂ ಪೆಟ್ಟಿಗೆಯ ಬಾಯಿ ಹೊಲೀಬೇಕು."

"ಹೊಲಿಯಬೇಕು. ಒಳಗಿನ ಹಲ್ಲುಗಳು ಒಂದಕ್ಕೊಂದು ಅಂಟಿರಬೇಕು."

ಅಂಕೋಲೆಯಲ್ಲಿ ಲೇತು ಮತ್ತು ವೆಲ್ಡಿಂಗಿನ ಅಂಗಡಿ ಇಟ್ಟಿರುವ ರೋಷನ ಅದನ್ನು ಬೆಸೆದುಕೊಟ್ಟ. ಮರುದಿನ ಗಾಡಿ ಹಿಂದಿನ ಗಾಲಿಗಳ ಮೇಲೆ ಅಂಗಳದಲ್ಲಿ ಒಂದು ಸುತ್ತು ಹಾಕಿತು. ನನಗೆ ಬಹಳ ಖುಷಿಯಾಗಿತ್ತು. ಅದನ್ನು ಹೇಳಲೇಬೇಕು, ಏಕೆಂದರೆ ಮುಂದಿನದಕ್ಕೆಲ್ಲ ಅದೇ ಕಾರಣ. ಕಠಿಣವಾದದ್ದನ್ನು ಬಿಡಿಸಿದವರು ಸುಲಭದ್ದನ್ನು ಸರಿಯಾಗಿ ನೋಡುವುದಿಲ್ಲ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ನಾನು ಇದನ್ನು ಸಾವಿರ ಸಲ ಕಂಡು ಕೆಂಪು ಗೀಟು ಎಳೆದಿದ್ದೇನೆ.

ಮುರಿದ ಪೆಟ್ಟಿಗೆಯಿಂದ ಮುಂದಿನ ಎರಡು ಗಾಲಿಗಳಿಗೆ ಹೋಗುವ ಎರಡು ಗಿಡ್ಡ ದಂಡಗಳಿದ್ದವು. ಸೋಮು ಅವನ್ನೂ ಬಿಚ್ಚಿ, ಗಾಲಿಯ ನಡುವೆ ಅವನ್ನು ಹಿಡಿದಿದ್ದ ಎರಡು ದೊಡ್ಡ ನಟ್ಟುಗಳ ಸಮೇತ ಸೀರೆಯ ಮೇಲೆ ಇಟ್ಟಿದ್ದ. ಜೋಡಿಸುತ್ತ ಹಿಂದಕ್ಕೆ ಬಂದವನು ಅಲ್ಲಿ ಕೈ ನಿಲ್ಲಿಸಿದ.

"ಇವು ಬ್ಯಾಡ್ವಾ ಅಕ್ಕೋರೆ?"

"ಬೇಡ. ಮುಂದಕ್ಕೆ ಶಕ್ತಿಯೇ ಹೋಗುವುದಿಲ್ಲ ಎಂದ ಮೇಲೆ ಶಕ್ತಿ ಒಯ್ಯುವ ದಂಡ ಯಾಕೆ?"

ಅವನು ಒಂದು ಕ್ಷಣ ನಟ್ಟನ್ನು ಕೈಯಲ್ಲಿ ತೂಗಿದ. ಜೀಪಿನ, ಲಾರಿಯ ಮುಂದಿನ ಗಾಲಿ ತನ್ನದೇ ಗಟ್ಟಿ ಮೊಳೆಯ, ಅಂದರೆ ಅಚ್ಚಿನ, ಮೇಲೆ ಕೂತಿರುತ್ತದೆ. ಅವನ ಕೈಗೆ ಅಭ್ಯಾಸವಿದ್ದದ್ದು ಅದು. "ಸರಿ ಹಾಂಗಾದ್ರೆ" ಎಂದು ನಟ್ಟನ್ನು ಕೆಳಗಿಟ್ಟ.

ಇಪ್ಪತ್ತೇಳು ವರ್ಷಗಳಲ್ಲಿ ಮೊದಲ ಸಲ ಕೆಲಸ ಮುಗಿದರೂ ಸೀರೆ ತುಂಬಿತ್ತು. ಮುರಿದ ಪೆಟ್ಟಿಗೆ, ಉದ್ದನೆಯ ದಂಡ, ಎರಡು ಗಿಡ್ಡ ದಂಡ, ನಟ್ಟುಗಳು. ಉಳಿಯಲೇಬೇಕಾದ ಕೆಲಸ ಇದು. ಯಾವುದು ಉಳಿಯಬೇಕು, ಯಾವುದು ಉಳಿಯಬಾರದು ಎಂದು ಹೇಳುವ ಶಕ್ತಿ ಆ ಸೀರೆಗೆ ಇರಲಿಲ್ಲ. ಅದನ್ನು ಹೇಳಬೇಕಾದವಳು ಕುರ್ಚಿಯಲ್ಲಿ ಕೂತಿದ್ದ ನಾನು.

ಸೋಮುವಿನ ಇನ್ನೊಂದು ಪದ್ಧತಿಯಿದೆ. ಬಿಚ್ಚಿ ಜೋಡಿಸಿದ ಗಾಡಿಯಲ್ಲಿ ಮೊದಲು ಅವನೂ ನಾಗಿಯೂ ಕೂತು ಮೂರು ಮೈಲಿ ಹೋಗಿ ಬರಬೇಕು. ಆಮೇಲೆಯೇ ಒಡೆಯರಿಗೆ ಚಾವಿ. ಹೋಗಿ ಬಂದರು. ಏನೂ ಆಗಲಿಲ್ಲ. ನಾಗಿ ಇಳಿದು, "ಮೆತ್ತಗೆ ಹೋತದೆ. ನಿದ್ದಿ ಬಂತು" ಎಂದಳು.

ಹತ್ತು ಗಂಟೆಗೆ ನಾನು ಮನೆಯ ಕಡೆ ಹೊರಟೆ. ಗಾಡಿ ಓಡಿಸುವಾಗ ಫೋನು ಹಿಂದಿನ ಸೀಟಿನ ಚೀಲದಲ್ಲಿರುತ್ತದೆ, ಅದರ ದನಿಯನ್ನೂ ಮುಚ್ಚಿರುತ್ತೇನೆ. ಅದು ನನ್ನ ನಿಯಮ.

ಆಮೇಲೆ ಅಂಗಳದಲ್ಲಿ ಆದದ್ದನ್ನು ನಾಗಿಯೇ ನನಗೆ ಹೇಳಿದ್ದು. ಅವಳು ಸೀರೆಯ ಪಕ್ಕ ನಿಂತು ಗಂಡನನ್ನು ಕರೆದಳು.

"ಇದನ್ನ ಮಡಚೂದು ಹ್ಯಾಂಗೆ?"

"ಸಾಮಾನು ಗೋಣಿಗೆ ತುಂಬು. ಮಡಚು."

"ನಾ ತುಂಬೂದಿಲ್ಲ. ತುಂಬಿದ ಸೀರೆ ಖಾಲಿ ಮಾಡೂದು ನಿನ್ನ ಕೆಲ್ಸ. ನಾ ಮಡಚೂದು ಖಾಲಿ ಸೀರೆ."

"ಮಾರಾಯ್ತಿ, ಅದು ಬ್ಯಾಡದ ಸಾಮಾನು."

"ಬ್ಯಾಡದ್ದು ಇಷ್ಟು ಚಂದ ಹೊಳೀತದ್ಯಾ? ಆ ಮುರುಕು ಪೆಟ್ಟಿಗೆ ನೋಡು, ಕಪ್ಪು. ಇದ್ರ ಕುತ್ತಿಗೆ ನೋಡು."

ಗಿಡ್ಡ ದಂಡದ ತುದಿಯಲ್ಲಿ, ಗಾಲಿಯೊಳಗೆ ಹೊಕ್ಕಿರುವ ಭಾಗದಲ್ಲಿ, ಬೆಳ್ಳಿಯ ಬಳೆಯಂತೆ ಒಂದು ಪಟ್ಟಿ ಹೊಳೆಯುತ್ತಿತ್ತು. ಯಾವುದನ್ನೋ ಬಿಗಿಯಾಗಿ ಹಿಡಿದುಕೊಂಡಿದ್ದ ಉಕ್ಕಿಗೆ ಮಾತ್ರ ಬರುವ ಹೊಳಪು ಅದು. ಸೋಮು ಅದನ್ನು ಕೈಗೆತ್ತಿಕೊಂಡ. ಆ ನಟ್ಟನ್ನು ಅದಕ್ಕೆ ತಿರುಗಿಸಿದ. ನಟ್ಟಿಗೂ ದಂಡದ ಭುಜಕ್ಕೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂದು ಬೆರಳಿಟ್ಟು ನೋಡಿದ. ಅಷ್ಟೇ ಜಾಗದಲ್ಲಿ ಗಾಲಿಯ ಬೇರಿಂಗು ಇರುತ್ತದೆ. ಈ ಗಾಡಿಯಲ್ಲಿ ಗಾಲಿಗೆ ಬೇರೆ ಮೊಳೆಯಿಲ್ಲ. ದಂಡ ಶಕ್ತಿ ಒಯ್ಯುವುದು ಒಂದು ಕೆಲಸ, ನಟ್ಟಿನ ಜೊತೆಗೂಡಿ ಬೇರಿಂಗನ್ನು ಬಿಗಿದು ಗಾಲಿಯನ್ನು ಹಿಡಿದಿಡುವುದು ಇನ್ನೊಂದು. ಮೊದಲನೆಯ ಕೆಲಸ ಹೋದರೂ ಎರಡನೆಯದು ಇದ್ದೇ ಇರುತ್ತದೆ. ಅದಿಲ್ಲದೆ ಗಾಲಿ ಸ್ವಲ್ಪ ದೂರ ಓಡುತ್ತದೆ. ಆಮೇಲೆ ಸಡಿಲಾಗುತ್ತದೆ. ಆಮೇಲೆ ಕಳಚುತ್ತದೆ.

"ಅವ್ರ ಮುಖ ಬೂದಿ ಬಳಿದ ಹಾಂಗೆ ಆತು" ಎಂದಳು ನಾಗಿ. "ನಂಗೆ ಬೈತಾರೆ ಅಂದ್ಕಂಡೆ. ಬೈಲಿಲ್ಲ."

ಅವನು ನನಗೆ ಏಳು ಸಲ ಫೋನು ಮಾಡಿದ. ಚೀಲದಲ್ಲಿ ಫೋನು ಏಳು ಸಲ ಸುಮ್ಮನೆ ಬೆಳಗಿತು. ಅಷ್ಟರಲ್ಲಿ ನಾನು ಅಂಕೋಲೆ ದಾಟಿದ್ದೆ. ಮುಂದಿನಿಂದ ಸಣ್ಣ ಗುಂಯ್ ಸದ್ದು ಬರುತ್ತಿತ್ತು. ರಸ್ತೆಯ ಡಾಂಬರಿನದು ಎಂದುಕೊಂಡೆ. ಹೆದ್ದಾರಿ ಚೆನ್ನಾಗಿತ್ತು, ವೇಗ ಎಂಬತ್ತು.

ಅವರ್ಸಾದಲ್ಲಿ, ವಾಹನಗಳು ನಿಧಾನವಾಗಲೆಂದು ಕಬ್ಬಿಣದ ತಡೆಗಳನ್ನು ಇಟ್ಟ ಜಾಗದಲ್ಲಿ, ತರಕಾರಿ ಮಾರುವ ಹೆಂಗಸರು ಕೂರುತ್ತಾರೆ. ಎರಡು ತಡೆಗಳ ನಡುವೆ ಒಬ್ಬಳು ಕೆಂಪು ಹರಿವೆಯ ಬುಟ್ಟಿಯನ್ನು ಎದೆಗವುಚಿಕೊಂಡು ರಸ್ತೆಯ ನಡುಮಧ್ಯೆ ನಿಂತಿದ್ದಳು. ಹಾರ್ನು ಹಾಕಿದೆ. ಕದಲಲಿಲ್ಲ. ಕಿಟಕಿ ಇಳಿಸಿದೆ.

"ಬಾಜು ಸರಿ. ರಸ್ತೆ ನಿಂತುಕೊಳ್ಳುವ ಜಾಗವಲ್ಲ."

"ಸರಿಯೂದಿಲ್ಲ. ನೀವು ಅಕ್ಕೋರಾ?"

"ಯಾವ ಅಕ್ಕೋರು?"

"ಬೆಳ್ಳಿ ತಲೆ, ದೊಡ್ಡ ಕನ್ನಡಕ, ಸಿಟ್ಟಿನ ಮುಖ ಅಂದಾ ಅಣ್ಣ." ಅವಳು ಬಗ್ಗಿ ನನ್ನನ್ನು ನೋಡಿದಳು. "ನೀವೇ. ಇಳೀರಿ. ಗಾಲಿ ಕಳಚ್ತದಂತೆ."

"ಯಾರು ನಿನ್ನ ಅಣ್ಣ?"

"ರಾಮನಗುಳಿ ಸೋಮು. ಈಗ ಫೋನು ಮಾಡಿದ್ದಾ. ನಾ ಕಾಮಿ. ಬಾಜುಗೆ ಮೆಲ್ಲ ತಗೊಳ್ಳಿ, ಮತ್ತೆ ಚಾವಿ ಕೊಡಿ."

"ಚಾವಿ ನಿನಗ್ಯಾಕೆ?"

"ಕೊಡದಿದ್ರೆ ನೀವು ಓಡಿಸ್ಕಂಡು ಹೋತ್ರಿ ಅಂದಾ."

ನನ್ನ ಹಿಂದೆ ಒಂದು ಮೀನಿನ ಲಾರಿಯೂ ಎರಡು ಕಾರುಗಳೂ ಕೂಗುತ್ತಿದ್ದವು. ಲಾರಿಯವನು ತಲೆ ಹೊರಗೆ ಹಾಕಿ, "ಹರಿವೆ ತಗೊಳ್ರೀ ಬಾಯಿ, ತಗೊಂಡು ದಾರಿ ಬಿಡಿ! ಬರ್ಫ ಕರಗ್ತದೆ!" ಎಂದು ಅರಚಿದ. ನಾನು ಗಾಡಿಯನ್ನು ಬದಿಗೆ ತಂದೆ, ಚಾವಿ ಕೊಟ್ಟೆ. ಕಾಮಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಗೋಣಿಯನ್ನು ಮಡಚಿ ತನ್ನ ಪಕ್ಕದಲ್ಲಿ ಹಾಕಿದಳು. ನನ್ನ ಕಾಲು ಮಡಚದ್ದನ್ನು ನೋಡಿ ಗೋಣಿ ತೆಗೆದು, ಮೊಗೆಕಾಯಿಯ ಪೆಟ್ಟಿಗೆಯನ್ನು ಕವುಚಿ ಇಟ್ಟಳು. ಒಂದು ಗಂಟೆ ಹತ್ತು ನಿಮಿಷ ನಾನು ಅದರ ಮೇಲೆ ಕೂತಿದ್ದೆ. ಆ ನಡುವೆ ಕಾಮಿ ಗಿರಾಕಿಗಳಿಗೆಲ್ಲ ನನ್ನ ವಿಷಯ ಹೇಳಿ ಮುಗಿಸಿದ್ದಳು.

ಸೋಮು ಬೈಕಿನಲ್ಲಿ ಬಂದ. ಹಿಂದೆ ನಾಗಿ, ಅವಳ ಮಡಿಲಲ್ಲಿ ಸೀರೆಯ ಗಂಟು. ಅವನು ನನ್ನ ಕಡೆ ನೋಡದೆ ಜಾಕು ಇಟ್ಟು ಎಡ ಗಾಲಿಯನ್ನು ಎತ್ತಿದ. ಗಾಲಿಯ ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿದ. ಅದು ಹಾಲುಹಲ್ಲಿನ ಹಾಗೆ ಅಲುಗಿತು. ಸುತ್ತ ಜನ ಸೇರಿದ್ದರು. ಒಬ್ಬ, "ಯಾವ ಗ್ಯಾರೇಜಿನ ಕೆಲ್ಸ ಇದು?" ಎಂದ.

ಸೋಮು ಎದ್ದು ನಿಂತ. "ನಂದು" ಎಂದ. "ರಾಮನಗುಳಿ ಸೋಮು ಗೌಡನ ಕೆಲ್ಸ. ತಪ್ಪಾತು."

ಹೊಟ್ಟೆ ಹೊರೆಯುವ ಹೆಸರನ್ನು ಅವನು ಹೀಗೆ ರಸ್ತೆಯ ಮೇಲೆ ಇಟ್ಟುಬಿಟ್ಟ. ಅಲ್ಲಿ ನಿಂತವರಲ್ಲಿ ಇಬ್ಬರು ಟೆಂಪೊ ಚಾಲಕರಿದ್ದರು.

"ಬೇಡ ಎಂದು ಹೇಳಿದವಳು ನಾನು" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಇವನು ಕೇಳಿದ. ನಾನು ಬೇಡ ಎಂದೆ."

"ಇರ್ಲಿ ಅಕ್ಕೋರೆ. ನೀವು ಬಾಯಲ್ಲಿ ಹೇಳಿದ್ರಿ. ನಟ್ಟು ಇದ್ದದ್ದು ನನ್ನ ಕೈಯಾಗೆ. ಕೈಗೆ ಅನುಮಾನ ಬಂದಿತ್ತು. ನಾ ಕೈಯ ಮಾತು ಕೇಳಲಿಲ್ಲ."

ಕಾಮಿ ನಡುವೆ ಬಾಯಿ ಹಾಕಿದಳು. "ನೀವು ಇಬ್ರೂ ತಪ್ಪು ಹಂಚ್ಕಳಿ. ಮೊದ್ಲು ನನ್ನ ಹರಿವೆ ಬಾಡ್ತು, ಅದನ್ನ ಯಾರು ಹಂಚ್ಕಂತೀರಿ?"

ಅಷ್ಟು ಹರಿವೆಯನ್ನೂ ನಾನೇ ಒಯ್ದೆ. ನನ್ನ ಬೀದಿಯವರು ಎರಡು ದಿನ ಹರಿವೆಯ ಸಾರು ಉಂಡರು.

ಗಾಡಿಯನ್ನು ಎತ್ತಿಕೊಂಡು ರೋಷನನ ಅಂಗಡಿಗೆ ಒಯ್ದರು. ಅವನು ಗಿಡ್ಡ ದಂಡಗಳನ್ನು ಕತ್ತರಿಸಿ, ಗಾಲಿಯೊಳಗೆ ಕೂರುವ ತುದಿಯಷ್ಟನ್ನೇ ಉಳಿಸಿ ನಯಮಾಡಿ ಕೊಟ್ಟ. ಸೋಮು ಹೊಸ ಬೇರಿಂಗು ಹಾಕಿ, ಆ ತುದಿಗಳನ್ನು ಕೂರಿಸಿ, ನಟ್ಟುಗಳನ್ನು ಬಿಗಿದ. ಬಿಗಿದ ಮೇಲೆ ನನ್ನನ್ನು ಕರೆದು ಗಾಲಿ ಅಲುಗಿಸಲು ಹೇಳಿದ. ಅಲುಗಿಸಿದೆ. ಕಲ್ಲಿನ ಕಂಬ. ಆಮೇಲೆ ನಾಗಿಯನ್ನು ಕರೆದ. ಅವಳು ಅಲುಗಿಸಿದಳು, ಒಮ್ಮೆ ಒದ್ದಳು ಸಹ.

ಈಗ ಅವನ ಅಂಗಳದಲ್ಲಿ ಎರಡು ಸೀರೆಗಳಿವೆ. ಒಂದು ಗಾಡಿಗೆ ಮರಳಿ ಹೋಗುವ ಸಾಮಾನಿಗೆ, ಇನ್ನೊಂದು ಹೋಗದ ಸಾಮಾನಿಗೆ. ಎರಡನೆಯ ಸೀರೆಗೆ ಏನನ್ನಾದರೂ ಇಡುವ ಮೊದಲು ಅವನು ನಾಗಿಗೆ ತೋರಿಸುತ್ತಾನೆ. ಅವಳು ಅದರಲ್ಲಿ ಹೊಳೆಯುವ ಜಾಗವನ್ನು ಹುಡುಕುತ್ತಾಳೆ. ಸಿಕ್ಕರೆ ಅದು ಏನನ್ನು ಹಿಡಿದಿತ್ತು ಎಂದು ಅವನು ಹೇಳಬೇಕು. ಹೇಳಲಾಗದಿದ್ದರೆ ಮೊದಲನೆಯ ಸೀರೆಗೆ ವಾಪಸ್ಸು. ಇದಕ್ಕಿಂತ ಒಳ್ಳೆಯ ಪ್ರಯೋಗಶಾಲಾ ನಿಯಮವನ್ನು ನಾನು ಯಾವ ಕಾಲೇಜಿನಲ್ಲೂ ಕಂಡಿಲ್ಲ. ಆ ಟೆಂಪೊ ಚಾಲಕರಿಬ್ಬರೂ ಈಗ ಅವನ ಗಿರಾಕಿಗಳು. ತಪ್ಪನ್ನು ತಾನೇ ಹೇಳುವ ಮೇಸ್ತ್ರಿ ಬೇರೆ ಕಡೆ ಸಿಗುವುದಿಲ್ಲ ಎಂಬುದು ಅವರಿಗೆ ಅಲ್ಲಿ ನಿಂತಾಗಲೇ ಗೊತ್ತಾಯಿತಂತೆ.

ವಿದ್ಯುತ್ಕಾಂತತೆಯ ಪಾಠ ಪರೀಕ್ಷೆಗೆ ಒಂಬತ್ತು ದಿನ ಮೊದಲು ಮುಗಿಯಿತು. ಹದಿನೆಂಟರಲ್ಲಿ ಹದಿನಾರು ಹುಡುಗಿಯರು ಪಾಸಾದರು. ಉಳಿದ ಇಬ್ಬರಿಗೆ ಮರುಪರೀಕ್ಷೆಯ ಪಾಠ ನಡೆದಿದೆ.

ನಾನು ಧನ್ಯವಾದಗಳನ್ನು ಬಾಯಲ್ಲಿ ಹೇಳುವುದು ಕಡಿಮೆ. ಸೋಮುವಿಗೆ ಒಮ್ಮೆ ಹೇಳಿದೆ. ಅವನು ತಲೆ ತಗ್ಗಿಸಿ ಪಾನಾ ಒರೆಸುತ್ತ, "ಏಳು ಸಲ ಫೋನು ಮಾಡಿದ್ನಲ ಅಕ್ಕೋರೆ, ಆವಾಗ ಎತ್ತಿದ್ರೆ ಸಾಕಿತ್ತು" ಎಂದ. ಈಗ ಫೋನು ಮುಂದಿನ ಸೀಟಿನಲ್ಲಿರುತ್ತದೆ, ದನಿ ತೆರೆದಿರುತ್ತದೆ. ಬಂದರೆ ಗಾಡಿ ನಿಲ್ಲಿಸಿ ಎತ್ತುತ್ತೇನೆ. ಎಪ್ಪತ್ತಾರನೆಯ ವಯಸ್ಸಿನಲ್ಲಿ ಒಂದು ನಿಯಮವನ್ನು ತಿದ್ದಿಕೊಂಡಿದ್ದೇನೆ.

ಅವರ್ಸಾದಲ್ಲಿ ಮಾತ್ರ ಫೋನು ಬಾರದಿದ್ದರೂ ನಿಲ್ಲಿಸಬೇಕಾಗುತ್ತದೆ. ಕಾಮಿ ತರಕಾರಿ ಬಿಟ್ಟು ಎದ್ದು ಬರುತ್ತಾಳೆ. ನನ್ನನ್ನು ಮಾತಾಡಿಸುವುದಿಲ್ಲ. ನೇರ ಮುಂದಿನ ಎಡ ಗಾಲಿಯ ಬಳಿ ಹೋಗಿ, ಎರಡು ಕೈಯಲ್ಲಿ ಹಿಡಿದು ಅಲುಗಿಸಿ, ಹಿಂದೆ ಸರಿದು ನಿಲ್ಲುತ್ತಾಳೆ.

"ಹಾಂ," ಎನ್ನುತ್ತಾಳೆ. "ಈಗ ಹೋಗಿ."